ಸೌಹಾರ್ದ ಸಭೆಯ ನಡುವೆ ನೀರು ಬಂತು

ಹಿರಿಯೂರಿನ ನಮ್ಮ ಬೀದಿಗೆ ಇವತ್ತು ಸೌಹಾರ್ದ ಕಲಿಸಲು ಬಂದಿದ್ದರು ಕಣ್ರಪ್ಪ. ಶಾಮಿಯಾನದ ಕೆಳಗೆ ಕುರ್ಚಿ ಹಾಕಿ, ಒಂದೊಂದು ಸಾಲಿಗೂ ಒಂದೊಂದು ಸಮುದಾಯದ ಹೆಸರು ಬರೆದ ಚೀಟಿ ಅಂಟಿಸಿದ್ದರು. ಪಕ್ಕದ ಮನೆಯ ನೂರ್‌ಜಹಾನ್ ಎಂದಿನಂತೆ ನನ್ನ ಜೊತೆ ಕೂತಳು. ಸಂಘಟಕರೊಬ್ಬರು ಓಡಿಬಂದು, "ಅಮ್ಮಾ, ನಿಮ್ಮ ಸಾಲು ಆ ಕಡೆ," ಎಂದು ಅವಳನ್ನು ಎಬ್ಬಿಸಿದರು. ಸೌಹಾರ್ದ ಶುರುವಾದದ್ದೇ ಹೀಗೆ.

ಮೊದಲು ಮೈಕು ಕೊಟ್ಟದ್ದೂ ಅವಳಿಗೇ. "ನಿಮ್ಮ ಸಮುದಾಯದ ಸಮಸ್ಯೆ ಹೇಳಿ."

"ನೀರು ಸರಿಯಾಗಿ ಬಿಡಲ್ಲ ಕಣ್ರಿ."

"ಅದು ಎಲ್ಲರ ಸಮಸ್ಯೆ. ನಿಮ್ಮದು ಹೇಳಿ."

"ಎಲ್ಲರ್ದೂ ಅಂದ್ರೆ ನಂದಲ್ವೇನ್ರಿ?"

ಅಷ್ಟರಲ್ಲಿ ಬೀದಿಯ ತುದಿಯಿಂದ ಯಾರೋ "ನೀರು ಬಂತು!" ಎಂದು ಕೂಗಿದರು. ಎಲ್ಲ ಸಾಲುಗಳೂ ಒಟ್ಟಿಗೇ ಎದ್ದು ಓಡಿದವು.

"ನಿಲ್ಲಿ, ಎಲ್ಲರೂ ಒಟ್ಟಿಗಿರುವ ಫೋಟೋ ಬೇಕು!" ಎಂದರು ಸಂಘಟಕರು.

"ಹಂಗಾದ್ರೆ ನಲ್ಲಿ ಹತ್ರ ಬರ್ರಿ," ಎಂದೆ.

ನಮ್ಮಲ್ಲಿ ಬೆಳಿಗ್ಗೆಯೇ ಖಾಲಿ ಕೊಡ ಸಾಲಿಗಿಟ್ಟು ಹೋದರೆ ಅದೇ ನಮ್ಮ ಸರದಿ. ನೋಡಿದರೆ ನೂರ್‌ಜಹಾನ್ ನನ್ನ ಕೊಡವನ್ನು ಹಿಂದೆ ಸರಿಸಿ ತನ್ನದನ್ನು ಮುಂದಿಟ್ಟಿದ್ದಳು! "ಲೇ, ತೆಗಿಯೇ ನಿನ್ ಕೊಡಾನ," ಎಂದೆ. "ತೆಗಿಯಲ್ಲ, ಏನ್ ಮಾಡ್ತೀಯ?" ಎಂದಳು. ಜಗಳ ಜೋರಾಯಿತು.

ಸಂಘಟಕರು ಬೆವರುತ್ತಾ ಓಡಿಬಂದು, "ದಯವಿಟ್ಟು, ಎರಡು ಸಮುದಾಯಗಳ ನಡುವೆ..." ಎಂದು ಬಾಯಿ ತೆರೆದರಷ್ಟೇ. ಇಬ್ಬರೂ ಕೊಡ ಬಿಟ್ಟು ಅವರ ಕಡೆ ತಿರುಗಿದೆವು.

"ಸ್ವಾಮಿ, ನಿಮ್ ಸಾಲು ಆ ಕಡೆ ಐತೆ. ಹೋಗ್ರಿ."

ಇಡೀ ಸಭೆಯಲ್ಲಿ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.