ವಾರಿಜಾ ನಿಲ್ಲಿಸಿದ ಕೂಗು

ನನ್ನ ಹಳೆಯ ವಿದ್ಯಾರ್ಥಿನಿ ವಾರಿಜಾ ಕುಂದರ್ ಬಾಂದ್ರಾದ ಕಾಲೇಜೊಂದರಲ್ಲಿ ಆಡಳಿತ ಶಾಸ್ತ್ರ ಕಲಿಸುತ್ತಾಳೆ. ಸಂಸ್ಥೆಗಳಲ್ಲಿ ಕೆಲಸ ಸಾಗುವ ರೀತಿಯನ್ನು ಸುಧಾರಿಸುವುದು ಅವಳ ವಿಷಯ. ಮಾತು ಒರಟು. ನಲವತ್ತರ ನಂತರ ಪಿಎಚ್‌ಡಿಗೆ ಸೇರಿದ್ದು ಜ್ಞಾನದ ಹಸಿವಿನಿಂದಲ್ಲ. ಆ ಪದವಿ ಇಲ್ಲದೆ ನೌಕರಿ ಕಾಯಂ ಆಗುವಂತಿರಲಿಲ್ಲ. ಇದನ್ನು ಅವಳೇ ಎಲ್ಲರಿಗೂ ಹೇಳುತ್ತಿದ್ದಳು.

ಸಂಶೋಧನೆಗೆ ಆರಿಸಿಕೊಂಡದ್ದು ದಹಿಸರ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲ್. ಅಲ್ಲಿ ಸಪ್ಲೈಯರ್‌ಗಳು ಅಡುಗೆಮನೆಯ ಕಿಂಡಿಯಲ್ಲಿ ನಿಂತು ಆರ್ಡರ್ ಕೂಗುತ್ತಿದ್ದರು. ಗದ್ದಲದಲ್ಲಿ ಸಾದಾ ದೋಸೆ ಮಸಾಲೆ ದೋಸೆಯಾಗುತ್ತಿತ್ತು. ವಾರಿಜಾ ಆ ಕೂಗನ್ನು ನಿಲ್ಲಿಸಿದಳು. ಸಪ್ಲೈಯರ್ ಮೊಬೈಲಿನಲ್ಲಿ ಒತ್ತಿದರೆ ದೋಸೆಯ ಆರ್ಡರ್ ದೋಸೆಯವನ ಪರದೆಗೆ, ಕಾಫಿಯದು ಕಾಫಿಯವನ ಪರದೆಗೆ ಹೋಗುವಂತೆ ಮಾಡಿದಳು. ತಪ್ಪುಗಳು ಕಡಿಮೆಯಾದವು, ಆರ್ಡರ್ ಬೇಗ ಒಳಗೆ ಮುಟ್ಟತೊಡಗಿತು, ಪ್ರಬಂಧವೂ ಸಿದ್ಧವಾಯಿತು.

ಸಲ್ಲಿಸುವ ಮುನ್ನ ಕೊನೆಯ ಸಲ ಹೋಟೆಲಿಗೆ ಹೋದಾಗ ಮಾಲೀಕ ಸುಹಾಸ ಶೆಟ್ಟಿ ಗಲ್ಲಾದಿಂದಲೇ ಕರೆದ.

“ಬನ್ನಿ ಅಕ್ಕ. ನಿಮ್ಮ ಸಿಸ್ಟಮ್ ಬಂದ ಮೇಲೆ ಗಂಡ ತಿಂದು ಕೈ ತೊಳೆಯುವಾಗ ಹೆಂಡತಿಗೆ ದೋಸೆ ಬರ್ತದೆ. ಒಟ್ಟಿಗೆ ತಿನ್ಬೇಕಾದ್ರೆ ಬೇರೆ ಹೋಟೆಲಿಗೇ ಹೋಗ್ಬೇಕು ಮಾರಾಯ್ರೆ!”

“ಆರ್ಡರ್ ಬೇಗ ಒಳಗೆ ಹೋಗುದಿಲ್ವಾ?”

“ಹೋಗ್ತದೆ. ಗಿರಾಕಿ ಆರ್ಡರ್ ತಿನ್ನುದಾ ಅಕ್ಕ?”

ಅವಳು ನಗಲಿಲ್ಲ. ಅಡುಗೆಮನೆಗೆ ಹೋಗಿ ನಿಂತು ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಕಾರಣ ಹೊಳೆಯಿತು. ಕೂಗುತ್ತಿದ್ದಾಗ ಒಂದು ಟೇಬಲಿನ ಆರ್ಡರ್ ಒಳಗಿದ್ದ ಎಲ್ಲರ ಕಿವಿಗೂ ಬೀಳುತ್ತಿತ್ತು. ದೋಸೆ ಏಳುವ ಹೊತ್ತಿಗೆ ಇಡ್ಲಿಯೂ ತಟ್ಟೆಗೆ ಬರುತ್ತಿತ್ತು. ಈಗ ಪ್ರತಿಯೊಬ್ಬನಿಗೂ ಕಾಣುವುದು ತನ್ನ ಪಾಲಿನದಷ್ಟೇ. ಅವಳು ಅಳೆದಿದ್ದದ್ದು ಆರ್ಡರಿನ ವೇಗವನ್ನು. ಗಿರಾಕಿಗಳು ಕೂತು ಕಾಯುವುದನ್ನು ಅಳೆದೇ ಇರಲಿಲ್ಲ.

ಅವಳ ಗೈಡ್ ಶಶಿಕಾಂತ ಧಾರವಾಡದ ಕಡೆಯವರು, ಒಳ್ಳೆಯ ಮನಸ್ಸಿನವರು.

“ತಪ್ಪು ಕಡಿಮಿ ಆಗ್ಯಾವ, ವೇಗ ಹೆಚ್ಚಾಗೇತಿ. ನೀವು ಬರದದ್ದು ಒಂದೂ ಸುಳ್ಳಲ್ಲ. ಕೊಟ್ಟುಬಿಡ್ರಿ ವಾರಿಜಾ. ಈ ವರ್ಷ ತಪ್ಪಿದ್ರ ಕಾಲೇಜಿನವರು ನಿಮ್ಮ ದಾರಿ ಕಾಯೂದಿಲ್ಲ.”

“ಆದ್ರೆ ಸರ್, ಇದನ್ನು ಓದಿ ಇನ್ನೊಬ್ಬ ಹೋಟೆಲಿನವ ಕೂಗುದು ನಿಲ್ಲಿಸಿದ್ರೆ?”

“ಥೀಸಿಸ್ ಯಾರು ಓದ್ತಾರ್ರಿ?”

“ನಾನು ಓದಿದ್ದೇನಲ್ಲ.”

ಅವಳು ಪ್ರಬಂಧ ಸಲ್ಲಿಸಲಿಲ್ಲ. ಮತ್ತೆ ದಹಿಸರ್‌ಗೆ ಹೋಗಿ, ಮೂಲೆಮೂಲೆಯ ಪರದೆಗಳನ್ನು ತೆಗೆಸಿ, ಒಂದೊಂದು ಟೇಬಲಿನ ಆರ್ಡರ್ ಪೂರ್ತಿಯಾಗಿ ಎಲ್ಲರಿಗೂ ಕಾಣುವಂತೆ ನಡುಗೋಡೆಗೆ ಒಂದೇ ದೊಡ್ಡ ಪರದೆ ಹಾಕಿಸಿದಳು. ಹೊಸದಾಗಿ ಅಳೆದಳು. ಗಂಡಹೆಂಡಿರು ಒಟ್ಟಿಗೆ ತಿನ್ನತೊಡಗಿದರು. ಮೊದಲ ಪ್ರಯತ್ನ ಎಲ್ಲಿ ಕೆಟ್ಟಿತೆಂಬುದಕ್ಕೆ ಒಂದು ಪೂರ್ತಿ ಅಧ್ಯಾಯ ಬರೆದಳು. ನಾನು ಅನೇಕ ಪ್ರಬಂಧಗಳನ್ನು ಪರೀಕ್ಷಿಸಿದ್ದೇನೆ. ಅಂಥ ಅಧ್ಯಾಯವನ್ನು ಬೇರೆಲ್ಲೂ ಕಂಡಿಲ್ಲ. ಇದನ್ನು ತ್ಯಾಗವೆಂದರೆ ಅವಳಿಗೆ ಸಿಟ್ಟು ಬರುತ್ತದೆ. ನನಗೂ ಆ ಮಾತು ಹಿಡಿಸುವುದಿಲ್ಲ. ಅವಳು ಮಾಡಿದ್ದು ಸಂಶೋಧನೆ.

ಅಷ್ಟರಲ್ಲಿ ಕಾಯಂ ಹುದ್ದೆ ಬೇರೊಬ್ಬರಿಗೆ ಹೋಗಿತ್ತು. ಪದವಿ ಬಂದ ಮೇಲೂ ವಾರಿಜಾ ಪ್ರತಿ ಜೂನ್‌ನಲ್ಲಿ ಹೊಸ ಕರಾರಿಗೆ ಸಹಿ ಹಾಕಿ ಕ್ಲಾಸಿಗೆ ಹೋಗುತ್ತಾಳೆ. ಹುಡುಗರಿಗೆ ಮೊದಲು ಕಲಿಸುವುದು ತನ್ನ ಕೆಟ್ಟುಹೋದ ಯೋಜನೆಯನ್ನೇ.