ತೊಳೆದವರಿಗೇ ಗೊತ್ತು ಕಾರಿನ ಒಳಗುಟ್ಟು

ಬೆಳಗಿನ ಐದು ಗಂಟೆ. ಎಂಟು ಮಹಡಿಯ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಬಿಟ್ಟು ಒಂದು ದೀಪ ಉರಿಯುತ್ತಿದೆ. ಮೇಲಿನವರೆಲ್ಲ ಇನ್ನೂ ಹೊದ್ದು ಮಲಗಿದ್ದಾರೆ. ಕೆಳಗೆ, ಬಟ್ಟೆಯ ತೋಳು ಮೇಲಕ್ಕೆ ಮಡಚಿಕೊಂಡ ಹೆಂಗಸೊಬ್ಬರು ಹತ್ತನೆಯ ಕಾರಿನ ಗಾಜು ಉಜ್ಜುತ್ತಿದ್ದಾರೆ. ಏಳೂಕಾಲರೊಳಗೆ ಮೂವತ್ತೊಂದು ಕಾರು ಮುಗಿಯಬೇಕು. ಕಾರಿಗೆ ಒಂದು ಬಕೆಟ್ ನೀರು, ಆರು ನಿಮಿಷ.

“ಏಳನೇ ನಿಮಿಷಕ್ಕೂ ಅದೇ ಕಾರಲ್ಲಿದ್ರೆ ಮುಗೀತು. ಕೊನೇ ಕಾರಿನ ಸಾಹೇಬ್ರು ಬಂದು ಸೊಂಟದ ಮೇಲೆ ಕೈಯಿಟ್ಕೊಂಡು ನಿಲ್ತಾರೆ” ಎಂದು ನಗುತ್ತಾರೆ. ನಗುವಾಗಲೂ ಕೈ ನಿಲ್ಲುವುದಿಲ್ಲ.

ಎಲ್ಲರೂ ಇವರನ್ನು ಬಕೆಟ್ ಅಕ್ಕ ಎನ್ನುತ್ತಾರೆ. ವಯಸ್ಸು ನಲವತ್ತೆಂಟು. ಸೋಪಿನ ನೀರಿಗೆ ಬೆರಳ ಸಂದುಗಳು ಬಿರಿದಿವೆ. ಮೇಲಿನ ಮನೆಯವರಲ್ಲಿ ಎಷ್ಟೋ ಮಂದಿಗೆ ಇವರ ಮುಖವೇ ಗೊತ್ತಿಲ್ಲ. ಗೊತ್ತಿರುವುದು ಕಾರು ಹೊಳೆಯುತ್ತದೆ ಎನ್ನುವುದಷ್ಟೇ.

ನಾನು ಬಂದಿದ್ದು ಕಾರು ತೊಳೆಯುವುದನ್ನು ನೋಡಲು ಅಲ್ಲ. ಇವತ್ತು ಒಂಬತ್ತಕ್ಕೆ ಆಸ್ಪತ್ರೆಯ ಲ್ಯಾಬಿನ ಹುಡುಗಿಯೊಬ್ಬಳು ತನ್ನ ಮೊದಲ ಕಾರಿಗೆ ಮುಂಗಡ ಕೊಡಲಿದ್ದಾಳೆ. ಇಪ್ಪತ್ತೆರಡು ವರ್ಷ, ಲೈಸೆನ್ಸ್ ಬಂದು ಎರಡು ತಿಂಗಳು. ಪಾಳಿ ಬೆಳಗಿನ ಆರಕ್ಕೆ ಶುರು, ಆ ಹೊತ್ತಿಗೆ ಅವಳ ಬಡಾವಣೆಯಿಂದ ಬಸ್ಸಿಲ್ಲ. ಇವತ್ತು ಇದಕ್ಕಾಗಿಯೇ ಅರ್ಧ ದಿನ ರಜೆ ಹಾಕಿದ್ದಾಳೆ. ಹೊಸ ಕಾರು ಕನಸಿನ ಮಾತು. ಸಿಕ್ಕಿರುವುದು ಅವಳ ಕೈಗೆಟುಕುವ ಒಂದು ಕೆಂಪು ಸೆಕೆಂಡ್ ಹ್ಯಾಂಡ್ ಕಾರು. ಹಣ ಕೊಡುವ ಮುಂಚೆ ಬಕೆಟ್ ಅಕ್ಕ ಅದನ್ನು ನೋಡಿ ಹೂಂ ಅನ್ನಬೇಕು, ಇಲ್ಲವೇ ಊಹೂಂ. ಐದು ವರ್ಷದಲ್ಲಿ ನೂರ ಎಪ್ಪತ್ತಕ್ಕೂ ಹೆಚ್ಚು ಎಳೆಯರ ಜೊತೆ ಹೀಗೆ ಹೋಗಿದ್ದಾರೆ. ಕೂಲಿ ಒಂದು ಲೋಟ ಚಹಾ. ಸ್ವತಃ ಅವರಿಗೆ ಕಾರು ಓಡಿಸಲು ಬಾರದು.

ಈ ವಿದ್ಯೆ ಬಂದದ್ದು ಹಳೆಯ ಕಾರು ಮಾರುವ ಯಾರ್ಡ್ ಒಂದರಲ್ಲಿ. ಅಲ್ಲಿ ಹದಿನಾಲ್ಕು ವರ್ಷ ಕಾರುಗಳ ಒಳಗನ್ನು ತೊಳೆದಿದ್ದಾರೆ. “ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡ್ತಾನೆ, ನಾನು ಮ್ಯಾಟ್ ಎತ್ತಿ ನೋಡ್ತೀನಿ” ಎನ್ನುತ್ತಾರೆ. ಮೀಟರಿನಲ್ಲಿ ಮೂವತ್ತು ಸಾವಿರ ಕಿಲೋಮೀಟರ್ ಎಂದಿದ್ದು ಬ್ರೇಕ್ ಪೆಡಲ್ಲಿನ ರಬ್ಬರು ನುಣ್ಣಗೆ ಸವೆದಿದ್ದರೆ, ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ. ಹಿಂದಿನ ಸೀಟಿನ ಸಂದಿಯಲ್ಲಿ ಕಲ್ಲುಸಕ್ಕರೆಯಂಥ ಗಾಜಿನ ಹರಳು ಸಿಕ್ಕರೆ, ಎಲ್ಲೋ ಗುದ್ದಿಸಿಕೊಂಡ ಕಾರು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಗೆರೆ ಕಂಡರೆ, ನೆರೆಯಲ್ಲಿ ಮುಳುಗಿದ್ದು. “ಹೊರಗೆ ಕಾಣೋ ಬೆಲ್ಟನ್ನ ನಾನೇ ಉಜ್ಜಿ ಉಜ್ಜಿ ತೊಳೀತಿದ್ದೆ. ಒಳಗೆ ಸುತ್ಕೊಂಡಿರೋದನ್ನ ತೊಳಿ ಅಂತ ಯಾರೂ ಹೇಳಿರ್ಲಿಲ್ಲ.”

ಐದು ವರ್ಷದ ಹಿಂದೆ ಆ ಯಾರ್ಡಿಗೆ ಕಾರು ಕೊಳ್ಳಲು ಬಂದ ಕಾಲೇಜು ಹುಡುಗಿಯೊಬ್ಬಳಿಗೆ “ಆ ಬೆಲ್ಟ್ ಒಂದ್ಸಲ ಪೂರ್ತಿ ಎಳೆದು ನೋಡಮ್ಮ” ಎಂದು ಪಿಸುಗುಟ್ಟಿದರು. ಹುಡುಗಿ ಎಳೆದಳು, ನೋಡಿದಳು, ಹೋದಳು. ಸಂಜೆಗೆ ಬಕೆಟ್ ಅಕ್ಕನ ಕೆಲಸವೂ ಹೋಯಿತು. ಸುತ್ತಲಿನ ಯಾರ್ಡುಗಳಿಗೆಲ್ಲ ಸುದ್ದಿ ಮುಟ್ಟಿ, ಎಲ್ಲ ಬಾಗಿಲೂ ಮುಚ್ಚಿದವು. ಇಸ್ತ್ರಿ ಮಾಡುವ ತಂಗಿಯ ಒಂದೇ ಕೋಣೆಯಲ್ಲಿ, ಕಾದ ಬಟ್ಟೆಯ ವಾಸನೆಯ ನಡುವೆ ಎಂಟು ತಿಂಗಳು ಕೆಲಸವಿಲ್ಲದೆ ಕಳೆದರು. ಮುಳುಗಿದ ಕಾರನ್ನು ಹೊಸದರಂತೆ ತೋರಿಸಿದವನಿಗೆ ಏನಾಯಿತು? ಏನೂ ಆಗಲಿಲ್ಲ. ಹೆಸರು ವರ್ಗಾಯಿಸುವ ಕಚೇರಿಯವರು ಕಾಗದ ನೋಡುತ್ತಾರೆ, ಕಾರು ನೋಡುವುದಿಲ್ಲ. ಇಂಥ ಯಾರ್ಡುಗಳ ಬಣ್ಣಬಣ್ಣದ ಜಾಹೀರಾತು ಇದೇ ಪುರವಣಿಯ ಹಿಂಬದಿಯಲ್ಲೂ ಬರುತ್ತದೆ. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಒಂಬತ್ತಕ್ಕೆ ನಾವು ಮೂವರೂ ಯಾರ್ಡಿನಲ್ಲಿದ್ದೇವೆ. ಇದು ಅವರು ಕೆಲಸ ಮಾಡಿದ ಯಾರ್ಡ್ ಅಲ್ಲ. ಟೈ ಕಟ್ಟಿದ ಸೇಲ್ಸ್‌ಮನ್ ಹುಡುಗಿಗೆ “ಬನ್ನಿ ಮೇಡಂ” ಎನ್ನುತ್ತಾನೆ. ಬಕೆಟ್ ಅಕ್ಕನ ಕೈಕಾಲು ನೋಡಿ, “ಅಕ್ಕನೂ ಡ್ರೈವಿಂಗ್ ಕಲೀತಾರಾ?” ಎಂದು ಹಲ್ಲು ಕಿರಿಯುತ್ತಾನೆ.

“ಇಲ್ಲಪ್ಪ, ನಾನು ಬರೀ ಒರೆಸೋಳು” ಎಂದು ಅವರು ಆಗಲೇ ಮಂಡಿಯೂರಿ ಪೆಡಲ್ ನೋಡುತ್ತಿದ್ದಾರೆ.

ಪೆಡಲ್ ಸರಿಯಿದೆ. ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಬಿಟ್ಟರೆ ಏನೂ ಇಲ್ಲ. ಬೆಲ್ಟ್ ಕೊನೆಯವರೆಗೂ ಶುಭ್ರ. ಹುಡುಗಿಯ ಮುಖ ಅರಳುತ್ತದೆ. ಸೇಲ್ಸ್‌ಮನ್ ಗಡಿಯಾರ ನೋಡಿ, ಹತ್ತು ಗಂಟೆಗೆ ಇನ್ನೊಂದು ಪಾರ್ಟಿ ಬರುತ್ತಿದೆ ಎನ್ನುತ್ತಾನೆ. ಹಳೆಯ ಕಾರಿಗೆಲ್ಲ ಹತ್ತು ಗಂಟೆಗೆ ಒಂದು ಪಾರ್ಟಿ ಬರುತ್ತಲೇ ಇರುತ್ತದೆ, ಇವತ್ತಿನವರೆಗೂ ಯಾರೂ ಅದನ್ನು ಕಂಡಿಲ್ಲ.

“ಕೀ ತಿರುಗಿಸು ಮಗಳೇ. ಇಂಜಿನ್ ಶುರು ಮಾಡ್ಬೇಡ, ಅರ್ಧ ತಿರುಗಿಸು ಸಾಕು” ಎನ್ನುತ್ತಾರೆ ಬಕೆಟ್ ಅಕ್ಕ.

ಸ್ಟೀರಿಂಗ್ ಹಿಂದೆ ಸಣ್ಣ ದೀಪಗಳು ಒಟ್ಟಿಗೆ ಹತ್ತುತ್ತವೆ. ಎಣ್ಣೆಯದು, ಬ್ಯಾಟರಿಯದು, ಬ್ರೇಕಿನದು. ಹತ್ತಬೇಕಿದ್ದ ಒಂದು ಮಾತ್ರ ಹತ್ತುವುದಿಲ್ಲ. ಕೂತ ಮನುಷ್ಯನ ಎದೆಯ ಮುಂದೆ ಚೆಂಡಿರುವ ಚಿತ್ರದ್ದು, ಏರ್‌ಬ್ಯಾಗಿನ ದೀಪ. ಗುದ್ದಿದಾಗ ಸ್ಟೀರಿಂಗಿನಿಂದ ಉಬ್ಬಿ ಬಂದು ತಲೆ ಉಳಿಸುವ ಆ ಚೀಲ ಸರಿಯಿದ್ದರೆ ದೀಪ ಒಮ್ಮೆ ಹತ್ತಿ ಆರಬೇಕು. ಚೀಲವಿಲ್ಲದಿದ್ದರೆ ಅದು ಆರದೆ ಉರಿಯುತ್ತಲೇ ಇರುತ್ತದೆ, ಅದನ್ನು ಮುಚ್ಚಿಡಲು ದೀಪವನ್ನೇ ಕೀಳುವವರಿದ್ದಾರೆ. ಇಲ್ಲಿ ಹತ್ತಲೇ ಇಲ್ಲ.

“ಬಲ್ಬ್ ಹೋಗಿರ್ಬೇಕು ಅಷ್ಟೇ” ಎನ್ನುತ್ತಾನೆ ಸೇಲ್ಸ್‌ಮನ್.

“ಹಾಕ್ಸಪ್ಪ, ಕಾಯ್ತೀವಿ. ಹಾಗೇ ಸ್ಟೀರಿಂಗಿನ ಮುಚ್ಚಳಾನೂ ಬಿಚ್ಚಿ ತೋರಿಸ್ಬಿಡು.”

ಅವನ ಮುಖ ಗಂಟಿಕ್ಕಿತು. “ಈ ರೇಟಿಗೆ ಇಷ್ಟೆಲ್ಲ ಕೇಳಿದ್ರೆ ಹೇಗಕ್ಕ? ನಿಮ್ಗೆ ಓಡೋ ಕಾರು ಬೇಕಾ, ಏರೋಪ್ಲೇನ್ ಬೇಕಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಈ ರೇಟಿಗೆ! ಅಗ್ಗದ ಕಾರು ಕೊಳ್ಳುವವರ ತಲೆಯೂ ಅಗ್ಗವೇ? ಹೊಸದಾಗಿ ಕಲಿತವರೇ ಹೆಚ್ಚು ತಡವರಿಸುವುದು. ಏರ್‌ಬ್ಯಾಗ್ ಯಾರಿಗಾದರೂ ಬೇಕೇಬೇಕು ಎಂದಿದ್ದರೆ ಅದು ಇವರಿಗೆ. ಅಂಥವರ ಕೈಗೇ ಖಾಲಿ ಸ್ಟೀರಿಂಗ್ ಕೊಟ್ಟು, ಮೇಲೆ ಕೆಂಪು ಬಣ್ಣ ಬಳಿದು, ರಿಬ್ಬನ್ ಕಟ್ಟಿ ಫೋಟೊ ತೆಗೆಸುತ್ತಾರೆ. ಇದನ್ನು ವ್ಯಾಪಾರ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಹುಡುಗಿ ಇಳಿಯುವುದಿಲ್ಲ, ಸ್ಟೀರಿಂಗ್ ಹಿಡಿದು ಕೂತಿದ್ದಾಳೆ. “ಅಕ್ಕ, ನಾನು ನಿಧಾನಕ್ಕೇ ಓಡಿಸ್ತೀನಿ. ಇದ್ಬಿಟ್ರೆ ನನ್ನ ದುಡ್ಡಿಗೆ ಬೇರೆ ಸಿಗಲ್ಲ.”

“ನೀನು ನಿಧಾನಕ್ಕೆ ಓಡಿಸ್ತೀಯ ಕಣೇ. ಎದುರಿಗೆ ಬರೋನೂ ನಿಧಾನಕ್ಕೆ ಬರ್ತೀನಿ ಅಂತ ನಿಂಗೆ ಮಾತು ಕೊಟ್ಟಿದಾನಾ? ಇಳಿ” ಎಂದು ಬಕೆಟ್ ಅಕ್ಕ ಬಾಗಿಲು ತೆರೆದು ಹಿಡಿಯುತ್ತಾರೆ. “ನಾನು ತೊಳೆಯೋ ಬಿಲ್ಡಿಂಗಲ್ಲಿ ಮೂರನೇ ಮಹಡಿ ಟೀಚರಮ್ಮ ತಮ್ಮ ಕಾರು ಮಾರ್ತಾರಂತೆ. ಬಣ್ಣ ಮಾಸಿದೆ, ಒಂದ್ಕಡೆ ಗೀರಿದೆ. ಆದ್ರೆ ನಾಲ್ಕು ವರ್ಷದಿಂದ ನಾನೇ ತೊಳೀತಿದೀನಿ, ಅದರ ಹೊಟ್ಟೆ ನಂಗೊತ್ತು. ದೀಪ ಹತ್ತತ್ತೆ, ಆರತ್ತೆ. ಸಂಜೆ ಬಾ.”

ಹುಡುಗಿ ಇಳಿದಳು. ಕಣ್ಣು ತುಂಬಿತ್ತು, ಕೋಪವೂ ಇತ್ತು. ಸಂಜೆ ಬರುತ್ತೇನೆ ಎಂದು ಕೆಲಸಕ್ಕೆ ಓಡಿದಳು.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಾಗ ಕೇಳಿದೆ, ಆ ದೀಪದ ವಿಷಯ ನಿಮಗೆ ಹೇಗೆ ತಿಳಿಯಿತು ಎಂದು.

“ಎಂಟು ವರ್ಷ ಆಯ್ತು ಸಾರ್. ಯಾರ್ಡಲ್ಲಿ ಫಿಟ್ಟರ್ ಬಂದು, ಅಕ್ಕ, ಹಳೇ ಒರೆಸೋ ಬಟ್ಟೆ ಇದ್ರೆ ಕೊಡು ಅಂದ. ನಾಲ್ಕು ಕೊಟ್ಟೆ. ಗ್ರೀಸ್ ಒರೆಸೋಕೆ ಅಂದ್ಕೊಂಡೆ. ಎರಡು ದಿನ ಆದ್ಮೇಲೆ ಅವನೇ ನಗ್ತಾ ಹೇಳ್ದ. ನಿನ್ನ ಬಟ್ಟೆ ಈಗ ಏರ್‌ಬ್ಯಾಗ್ ಆಗಿದೆ, ಸ್ಟೀರಿಂಗ್ ಒಳಗೆ ತುರುಕಿದೀನಿ, ದೀಪಾನೂ ಕಿತ್ತಾಕಿದೀನಿ ಅಂತ. ಅಷ್ಟೊತ್ತಿಗೆ ಕಾರು ಹೋಗಿತ್ತು. ಆಗಷ್ಟೇ ಕೆಲ್ಸಕ್ಕೆ ಸೇರಿದ ಹುಡುಗ, ಅವರಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋದ. ಚೆನ್ನಾಗಿ ತೊಳ್ದಿದೀರ ಅಂತ ನಂಗೆ ದುಡ್ಡು ಬೇರೆ ಕೊಟ್ಟ. ತಗೊಂಡೆ.”

ಮಾಲೀಕನಿಗೆ ಹೇಳಲಿಲ್ಲವೇ?

“ಹೇಳ್ದೆ. ನಿನ್ನ ಬಕೆಟ್ ನೀನು ನೋಡ್ಕೋ ಅಂದ್ರು. ಮೂರು ವರ್ಷ ನೋಡ್ಕೊಂಡೆ ಸಾರ್, ಬಾಯಿ ಮುಚ್ಕೊಂಡು. ಹೊಟ್ಟೆಪಾಡು ಅಂತೀರಿ ನೀವು. ಹೂಂ, ಹೊಟ್ಟೆಪಾಡೇ. ಆದ್ರೂ ಬಟ್ಟೆ ನಂದು ತಾನೇ?”

ಆ ಮಾಲೀಕ ಇವತ್ತಿಗೂ ಕಾರು ಮಾರುತ್ತಾನೆ, ನೆಮ್ಮದಿಯಾಗಿ ನಿದ್ದೆಯೂ ಮಾಡುತ್ತಿರಬೇಕು. ಅವನ ಪಾಪವನ್ನು ಹೊತ್ತು ತಿರುಗುತ್ತಿರುವುದು ಒಂದು ಲೋಟ ಚಹಾಕ್ಕೆ ಊರೆಲ್ಲ ಅಲೆಯುವ ಈ ಹೆಂಗಸು. ಇದಕ್ಕಿಂತ ಅನ್ಯಾಯ ಇನ್ನೇನು ಬೇಕು? ನಾನು ಏನೇನೋ ಸಮಾಧಾನ ಹೇಳಹೊರಟೆ. ಅವರಿಗೆ ಅದು ಬೇಕಿರಲಿಲ್ಲ. ಫೋಟೊಗ್ರಾಫರ್ ಯಾವಾಗ ಬರಲಿ ಎಂದು ಕೇಳಿದಾಗ ಬೇಡವೆಂದು ತಲೆಯಾಡಿಸಿದರು. ಹಾಗಾಗಿ ಈ ಲೇಖನದ ಜೊತೆ ಅವರ ಚಿತ್ರವಿಲ್ಲ.

“ನನ್ನ ಫೋಟೊ ಬೇಡ ಸಾರ್. ಆ ಜಾಗದಲ್ಲಿ ಇಷ್ಟು ಬರೀರಿ. ಕಡುನೀಲಿ ಬಣ್ಣದ ಸಣ್ಣ ಕಾರು. ಹಿಂದಿನ ಸೀಟಿನ ಎಡಗಡೆ ಹರಿದಿತ್ತು, ನೀಲಿ ದಾರ ಸಿಗ್ದೆ ಹಸಿರು ದಾರದಲ್ಲಿ ನಾನೇ ಹೊಲಿದಿದ್ದೆ, ಏಳು ಹೊಲಿಗೆ. ಆ ಕಾರು ನಿಮ್ಮ ಮನೆ ಮುಂದೆ ನಿಂತಿದ್ರೆ, ದಮ್ಮಯ್ಯ, ಇವತ್ತು ಅದನ್ನ ಓಡಿಸ್ಬೇಡಿ.”