ಟೈಲರಕ್ಕನ ಮಿಷನ್ ನಿಲ್ಲುವಂತಿಲ್ಲ

ಅನ್‌ಲಿಮಿಟೆಡ್ ಎಂಬ ಪದವನ್ನು ಯಾರಾದರೂ ನನ್ನೆದುರು ಆಡಿದರೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಕೈಯಲ್ಲಿರುವ ಸೂಜಿಯಿಂದ ಅವರ ತುಟಿಗಳಿಗೇ ಎರಡು ಹೊಲಿಗೆ ಬಿಗಿದುಬಿಡೋಣ ಅನ್ನಿಸುತ್ತದೆ. ಯಾಕಿಷ್ಟು ಸಿಟ್ಟು ಎಂದು ಕೇಳುವವರು ನಮ್ಮ ಟೈಲರಕ್ಕನ ಸಂಗತಿ ಕೇಳಲಿ.

ಟೈಲರಕ್ಕನ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ರಸ್ತೆ ಕಡೆಗೆ ಶಟರ್, ಒಳಗೆ ಕಾಲಲ್ಲಿ ತುಳಿಯುವ ಹಳೇ ಮಿಷನ್, ಬಟ್ಟೆ ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ನೇತುಹಾಕಿದ ಶಾಲೆಯ ಯೂನಿಫಾರ್ಮುಗಳು. ಅವಳು ಹೊಲಿಯುತ್ತಾಳೆ, ನಾನು ಎದುರಿನ ಸ್ಟೂಲಿನ ಮೇಲೆ ಕೂತು ಕಾಜಾ ಮಾಡಿ ಗುಂಡಿ ಹಚ್ಚುತ್ತೇನೆ. ಅದಕ್ಕೇ ನನ್ನನ್ನು 'ಗುಂಡಿ' ಎಂದೇ ಕರೆಯುತ್ತಾಳೆ. ಇಬ್ಬರಿಗೇ ಸಾಲದ ಆ ಕೋಣೆಯಲ್ಲಿ ನಾವಿದ್ದದ್ದು ಮೂವರು. ಮೂರನೆಯವಳು ಅಕ್ಕನ ತಂಗಿ. ಅವಳು ಇರುತ್ತಿದ್ದದ್ದು ಫೋನಿನಲ್ಲಿ.

ತಂಗಿಯ ಮನೆ ಬೇರೆ ಊರಿನಲ್ಲಿ, ಹಾಲಿನ ಬೂತಿನ ಮೇಲೆ. ಒಬ್ಬಳೇ ಇದ್ದಾಳೆ. ಅಂಟು ಕುದಿಸಿ, ಕಾಗದ ಮಡಿಸಿ, ಅಂಗಡಿಗಳಿಗೆ ಚೀಲ ಮಾಡಿಕೊಡುತ್ತಾಳೆ. ಅವಳಿಗೆ ಮೂರ್ಛೆರೋಗ. ಮಾತ್ರೆ ನುಂಗಿದರೂ ಆಗೊಮ್ಮೆ ಈಗೊಮ್ಮೆ ಬಂದೇ ಬರುತ್ತದೆ. ಬರುವ ಮುಂಚೆ ತುಟಿ ಜುಮುಜುಮು ಅನ್ನುತ್ತದಂತೆ. ನಮ್ಮನೆಗೇ ಬಂದಿರು ಎಂದು ಅಕ್ಕ ಕರೆದೂ ಕರೆದೂ ಸಾಕಾದಳು. ಅಕ್ಕನ ಮನೆಯಲ್ಲೋ ಮಗ, ಸೊಸೆ, ಮೊಮ್ಮಕ್ಕಳು. ಕಾಲು ಚಾಚಿದರೆ ಗೋಡೆ. "ನಿನ್ನ ಸೊಸೆ ಮುಂದೆ ನಾನು ಬಿದ್ದು ಒದ್ದಾಡೋದಾ? ಬೇಡ ಕಣೇ ಅಕ್ಕಾ, ನನ್ನ ಪಾಡಿಗೆ ನನ್ನ ಬಿಟ್ಬಿಡು" ಎನ್ನುತ್ತಿದ್ದಳು. ಮಾನಕ್ಕೆ ಅಂಜುವ ಹೆಂಗಸು, ಏನು ಮಾಡುವುದು.

ಫೋನಿಗೆ ನಿಮಿಷಕ್ಕಿಷ್ಟು ಎಂದು ದುಡ್ಡು ಕೀಳುತ್ತಿದ್ದ ಕಾಲದಲ್ಲಿ ಇಬ್ಬರದೂ ಗಡಿಬಿಡಿಯ ಮಾತು. ಆಮೇಲೆ ಫೋನ್ ಕಂಪನಿಗಳಿಗೆ ಪೈಪೋಟಿ ಹತ್ತಿಕೊಂಡಿತು. ಒಬ್ಬರಿಗಿಂತ ಒಬ್ಬರು ಗಂಟಲು ಹರಿದುಕೊಂಡು, ಎಷ್ಟು ಬೇಕಾದರೂ ಮಾತಾಡಿ ಅಂದರು. ಅಂದಿನಿಂದ ಅಕ್ಕ ಶಟರ್ ಎತ್ತಿದ ಕೂಡಲೇ ತಂಗಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ದಾರದ ಡಬ್ಬದ ಮೇಲೆ ಇಟ್ಟುಬಿಡುತ್ತಿದ್ದಳು. ಸಂಜೆ ಶಟರ್ ಎಳೆಯುವ ತನಕ ಅದು ಹಾಗೇ. ಇಡೀ ದಿನ ಮಾತಾಡುತ್ತಿದ್ದರು ಅಂದುಕೊಳ್ಳಬೇಡಿ. ಇಲ್ಲಿ ಮಿಷನ್ ಗಡಗಡ, ಅಲ್ಲಿ ಕಾಗದ ಸರಸರ. ಮನಸ್ಸು ಬಂದಾಗ ಒಂದು ಮಾತು, ಮನಸ್ಸು ಬಂದಾಗ ಅದಕ್ಕೆ ಉತ್ತರ. ಬೆಳಿಗ್ಗೆ ಕೇಳಿದ ಪ್ರಶ್ನೆಗೆ ತಂಗಿ ಊಟ ಮುಗಿಸಿ "ಹೂಂ" ಅಂದದ್ದೂ ಉಂಟು. "ನಿನ್ನ ತಂಗಿ ಸರ್ಕಾರಿ ಆಫೀಸು ಕಣಕ್ಕಾ, ಇವತ್ತು ಕೇಳಿದ್ರೆ ನಾಳೆ ಹೇಳ್ತಾಳೆ" ಎಂದು ನಾನು ರೇಗಿಸುತ್ತಿದ್ದೆ. ಫೋನಿನೊಳಗಿಂದಲೇ ಬೈಗುಳ ಬರುತ್ತಿತ್ತು.

ಅಕ್ಕತಂಗಿಯರ ನಡುವೆ ಒಂದು ಕಟ್ಟುಪಾಡಿತ್ತು. ದಾರ ಮುಗಿದೋ ಗಿರಾಕಿ ಬಂದೋ ಮಿಷನ್ ನಿಂತರೆ ಅಕ್ಕ "ಇದ್ದೀನಿ ಕಣೇ" ಅನ್ನಬೇಕು. ತುಟಿ ಜುಮುಜುಮು ಅಂದರೆ ತಂಗಿ "ಅಕ್ಕಾ, ಬರ್ತಿದೆ" ಅನ್ನಬೇಕು. ಆಗ ಅಕ್ಕ ತುಟಿ ಪಿಟಕ್ಕೆನ್ನದೆ ಮಿಷನ್ ನಿಲ್ಲಿಸಿ, ನನ್ನ ಫೋನ್ ಕಿತ್ತುಕೊಂಡು ಬೂತಿನವನಿಗೆ ಹಚ್ಚುವಳು. ಅವನ ಹತ್ತಿರ ಒಂದು ಕೀಲಿಕೈ ಇತ್ತು. ಮೇಲೆ ಓಡಿಹೋಗಿ, ಒಲೆ ಆರಿಸಿ, ಅವಳನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸುವನು. ಮಿಷನ್ ಸದ್ದು ನಿಂತಿತೆಂದರೆ ತಂಗಿಗೆ ಅಷ್ಟೇ ಸಾಕು. ಅಕ್ಕನಿಗೆ ಕೇಳಿಸಿದೆ, ಬೂತಿನವನು ಬರುತ್ತಿದ್ದಾನೆ ಎಂದು ಇದ್ದಲ್ಲೇ ನೆಲಕ್ಕೆ ಮಲಗಿಬಿಡುವಳು. ಹೀಗೆ ಎಷ್ಟೋ ಸಲ ಪಾರಾಗಿದ್ದಳು.

ಈ ಪುಣ್ಯವನ್ನು ಕೆಡಿಸಲಿಕ್ಕೆಂದೇ ಫೋನ್ ಕಂಪನಿಯವರು ನಮ್ಮ ರಸ್ತೆಯಲ್ಲಿ ಸಿಮ್ ಮಾರುವ ಎರಡು ಛತ್ರಿ ಹೂಡಿದರು. ಈ ಬದಿ ನೀಲಿ ಛತ್ರಿ, ಆ ಬದಿ ಹಳದಿ ಛತ್ರಿ. ಎರಡರ ಕೆಳಗೂ ಮೈಕು. ನೀಲಿಯವನು "ಅನ್‌ಲಿಮಿಟೆಡ್" ಅಂದರೆ ಹಳದಿಯವನು "ನಿಜವಾದ ಅನ್‌ಲಿಮಿಟೆಡ್" ಅನ್ನುವನು. ನಿಜವಾದದ್ದು, ಸುಳ್ಳಿನದ್ದು ಅಂತ ಎರಡಿರುತ್ತವಾ? ಆಗಲೇ ನನಗೆ ಹೊಳೆಯಬೇಕಿತ್ತು.

ಅಕ್ಕ ಅದುವರೆಗೆ ನೀಲಿ ಕಂಪನಿಯವಳು. ಮೆಟ್ಟಿಲ ಕೆಳಗಲ್ಲವೇ, ಆಗಾಗ ಧ್ವನಿ ತುಂಡುತುಂಡಾಗುತ್ತಿತ್ತು. ಅದೊಂದೇ ಅವಳ ಚಿಂತೆ. ಅದನ್ನು ಮೂಸಿ ಹಿಡಿದ ಹಳದಿಯವನು ಒಳಗೇ ಬಂದು ನಿಂತ.

"ಅಕ್ಕಾ, ನಮ್ಮದಕ್ಕೆ ಬನ್ನಿ. ನಂಬರ್ ಅದೇ ಇರತ್ತೆ. ಗಂಟೆ ಹೊಡೆದಂಗೆ ಕೇಳ್ಸತ್ತೆ. ಮೊದಲ ತಿಂಗಳು ಬಿಟ್ಟಿ, ಜೊತೆಗೊಂದು ಛತ್ರಿ."

"ಛತ್ರಿ ನೀನೇ ಹಿಡ್ಕೊಳಪ್ಪಾ" ಎಂದಳು ಅಕ್ಕ. "ನನ್ನ ಫೋನ್ ಬೆಳಿಗ್ಗೆಯಿಂದ ಸಂಜೆ ತನಕ ಆನ್ ಇರತ್ತೆ. ತಂಗಿ ಒಬ್ಬಳೇ ಇದ್ದಾಳೆ, ಹುಷಾರಿಲ್ಲ. ನಡುವೆ ಕಟ್ ಆಗಲ್ಲ ತಾನೇ? ಸರಿಯಾಗಿ ಯೋಚ್ನೆ ಮಾಡಿ ಹೇಳು."

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಅನ್‌ಲಿಮಿಟೆಡ್ ಅಂದ್ಮೇಲೆ ಕಟ್ ಎಲ್ಲಿಂದ ಬರತ್ತಕ್ಕಾ? ನಮ್ಮಮ್ಮನಾಣೆ" ಎಂದು ತಲೆ ಮೇಲೆ ಕೈಯಿಟ್ಟ. ಯಾರದೋ ತಂಗಿಯ ಪ್ರಾಣಕ್ಕೆ ತನ್ನಮ್ಮನನ್ನು ಒತ್ತೆ ಇಟ್ಟ ಪುಣ್ಯಾತ್ಮ. ಅಕ್ಕ ನಂಬಿದಳು.

ಹೊಸ ಸಿಮ್ ಚಾಲೂ ಆದ ಮೊದಲ ದಿನವೇ ನಡೆಯಿತು. ಶಾಲೆ ಶುರುವಾಗುವ ಮುಂಚಿನ ವಾರ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಫೋನು ಬಟ್ಟೆಗಳ ನಡುವೆ ಹೂತುಹೋಗಿತ್ತು. ಅಕ್ಕ ಪೆಡಲ್ ತುಳಿಯುತ್ತ, ಮಗ ಬೆಳೆಯುತ್ತಾನೆ ಅಂತ ಅವನ ಚಡ್ಡಿಯನ್ನು ಮೊಣಕಾಲ ಕೆಳಗಿನ ತನಕ ಹೊಲಿಸಿಕೊಂಡ ಜಿಪುಣನೊಬ್ಬನ ಕಥೆಯನ್ನು ತಂಗಿಗೆ ಹೇಳುತ್ತಿದ್ದಳು. "ಪ್ಯಾಂಟೇ ಹೊಲಿಸ್ಕೊಳಪ್ಪಾ ಅಂದೆ ಕಣೇ, ಅದಕ್ಕೆ ಬಟ್ಟೆ ಜಾಸ್ತಿ ಬೇಕಲ್ಲ ಅಂತಾನೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ತಂಗಿ ನಗಲಿಲ್ಲ. ಅವಳದು ಯಾವಾಗಲೂ ತಡವೇ ತಾನೇ, ಸುಮ್ಮನಾದೆವು.

ಆಗ ನನ್ನ ಫೋನು ಹೊಡೆದುಕೊಂಡಿತು. ಬೂತಿನವನು. "ಏನಮ್ಮಾ ನೀವು, ಫೋನ್ ಮಾಡೋದಲ್ವಾ? ಮೇಲಿಂದ ಸುಟ್ಟ ವಾಸನೆ ಬಂತು ಅಂತ ಹೋಗಿ ನೋಡಿದ್ರೆ..." ಅಕ್ಕ ಬಟ್ಟೆಗಳನ್ನೆಲ್ಲ ಕಿತ್ತೆಸೆದು ತನ್ನ ಫೋನ್ ಹುಡುಕಿದಳು. ಅದು ಯಾವಾಗಲೋ ಕಟ್ಟಾಗಿ ಸುಮ್ಮನೆ ಮಲಗಿತ್ತು. ನಾವು ನಗುತ್ತ ಕಥೆ ಹೇಳಿದ್ದು ಆ ಸತ್ತ ಫೋನಿಗೆ.

ನಾವು ಬಸ್ಸು ಹಿಡಿದು ಆ ಊರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಂಗಿಗೆ ಪ್ರಜ್ಞೆ ಬಂದಿತ್ತು. ಕುದಿಯುವ ಅಂಟಿನ ಪಾತ್ರೆ ಬಲಗೈ ಮೇಲೆ ಮಗುಚಿಕೊಂಡು, ಬೆರಳುಗಳೆಲ್ಲ ಒಂದಾಗಿ ಬ್ಯಾಂಡೇಜಿನಲ್ಲಿದ್ದವು. ಮತ್ತೆ ಬೇರೆಯಾಗುವುದು ಕಷ್ಟ ಅಂದರು ಡಾಕ್ಟರು. ಚೀಲ ಮಾಡಿ ಬದುಕುವ ಕೈ ಅದು. ಅವಳು ಅಕ್ಕನನ್ನು ನೋಡಿ ಮೊದಲು ಹೇಳಿದ್ದು ಇಷ್ಟು:

"ಬರ್ತಿದೆ ಅಂದೆ ಅಕ್ಕಾ. ಮಿಷನ್ ಸದ್ದು ಇರ್ಲಿಲ್ಲ. ನಿಲ್ಲಿಸಿದೀಯ, ಕೇಳಿಸ್ತು ಅಂದ್ಕೊಂಡೆ. ಅದಕ್ಕೇ ಒಲೆ ಆರಿಸ್ಲಿಲ್ಲ, ಕಿಟಕಿಯಿಂದ ಕೂಗ್ಲೂ ಇಲ್ಲ. ಅಲ್ಲೇ ಮಲಗ್ಬಿಟ್ಟೆ. ಯಾಕಕ್ಕಾ ಯಾರೂ ಬರ್ಲಿಲ್ಲ?"

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನಗೆ ಮೈಯೆಲ್ಲ ಬೆಂಕಿ.

ಮಾರನೆಯ ದಿನ ಅಕ್ಕನನ್ನು ಎಳೆದುಕೊಂಡೇ ಹಳದಿ ಕಂಪನಿಯ ಆಫೀಸಿಗೆ ಹೋದೆ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಟೈ ಕಟ್ಟಿದ ಒಬ್ಬ. ಎಲ್ಲ ಕೇಳಿಸಿಕೊಂಡು ಹಲ್ಲು ಬಿಟ್ಟ.

"ಒಂದೇ ಕಾಲ್ ತುಂಬಾ ಹೊತ್ತು ನಡೆದ್ರೆ ಸಿಸ್ಟಮ್ ತಾನಾಗೇ ಕಟ್ ಮಾಡತ್ತೆ ಮೇಡಂ. ಮತ್ತೆ ಡಯಲ್ ಮಾಡ್ಕೊಂಡ್ರೆ ಆಯ್ತು."

"ಅನ್‌ಲಿಮಿಟೆಡ್ ಅಂತ ಬೀದೀಲಿ ಬಾಯಿ ಬಡ್ಕೊಳ್ತೀರಲ್ಲಾ, ನಾಚಿಕೆ ಆಗಲ್ವಾ?"

"ಅನ್‌ಲಿಮಿಟೆಡ್ಡೇ. ಎಷ್ಟು ಸಲ ಬೇಕಾದ್ರೂ ಮಾಡಿ. ಅಷ್ಟು ಹೊತ್ತು ಒಂದೇ ಸಮ ಯಾರು ಮಾತಾಡ್ತಾರೆ ಹೇಳಿ?"

"ನಾವು ಮಾತಾಡ್ತಿರ್ಲಿಲ್ಲಪ್ಪಾ" ಎಂದಳು ಅಕ್ಕ. ಅವಳು ಅಲ್ಲಿ ಆಡಿದ್ದು ಅದೊಂದೇ ಮಾತು. "ಜೊತೇಲಿದ್ವಿ."

ಅವನಿಗೆ ಅರ್ಥವಾಗಲಿಲ್ಲ. ಬೇಕಿದ್ದರೆ ಇನ್ನೊಂದು ತಿಂಗಳು ಬಿಟ್ಟಿ ಕೊಡುತ್ತೇನೆ ಅಂದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಇಲ್ಲಿ ಬರೆಯುವಂಥದ್ದಲ್ಲ, ಆದರೆ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ವಾಪಸ್ ನಮ್ಮ ರಸ್ತೆಗೆ ಬಂದರೆ ಹಳದಿ ಛತ್ರಿಯವನು ಬೇರೆ ರಸ್ತೆಗೆ ಪರಾರಿಯಾಗಿದ್ದ. ನೀಲಿಯವನು ಮಾತ್ರ ಓಡೋಡಿ ಬಂದ. "ನೋಡಿದ್ರಾ ಅಕ್ಕಾ? ವಾಪಸ್ ಬನ್ನಿ, ನಿಮಗೇ ಅಂತ ಒಂದು ಆಫರ್ ಇದೆ." ಸುಟ್ಟ ಕೈಯ ಮೇಲೂ ಇವರಿಗೆ ವ್ಯಾಪಾರ! ಅವನ ಮೈಕಿನ ವೈರನ್ನು ನನ್ನ ಕತ್ತರಿಯಿಂದ ಕತ್ತರಿಸಿ ಬಂದೆ. ತಪ್ಪೋ ಸರಿಯೋ, ಆವತ್ತು ರಸ್ತೆ ತಣ್ಣಗಿತ್ತು.

ಕೊನೆಗೆ ಸೇರಿಕೊಂಡದ್ದು ನೀಲಿಗೇ. ಬೇರೆ ದಾರಿಯಿದ್ದರೆ ತಾನೇ? ಇದೂ ಎಲ್ಲಿ ತಾನಾಗೇ ಕಟ್ಟಾದೀತೋ ಎಂಬ ಹೆದರಿಕೆಗೆ ಈಗ ಅಕ್ಕ ಗಂಟೆಗೊಮ್ಮೆ ತಾನೇ ಕಟ್ ಮಾಡಿ ಮತ್ತೆ ಹಚ್ಚುತ್ತಾಳೆ. ಹೇಳಿಯೇ ಕಟ್ ಮಾಡುತ್ತಾಳೆ, ಆದರೂ ಆ ಎರಡು ಉಸಿರಿನಷ್ಟು ಹೊತ್ತಿಗೇ ಅತ್ತ ತಂಗಿ ನಡುಗಿಹೋಗಿರುತ್ತಾಳೆ. ಕೆಲಸವಿಲ್ಲದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವಳು ದಿನವಿಡೀ ಕೇಳಿಸಿಕೊಳ್ಳುವುದು ಮಿಷನ್ ಸದ್ದೊಂದನ್ನೇ. ಅದು ನಿಂತರೆ "ಅಕ್ಕಾ! ಅಕ್ಕಾ!" ಎಂದು ಚೀರುತ್ತಾಳೆ. "ಇದ್ದೀನಿ ಕಣೇ" ಅಂದರೆ ನಂಬುವುದಿಲ್ಲ. "ಮೊದ್ಲು ತುಳಿ" ಅನ್ನುತ್ತಾಳೆ. ಹಾಗಾಗಿ ಅಕ್ಕ ಬಟ್ಟೆ ಕತ್ತರಿಸುವಾಗಲೂ, ಗಿರಾಕಿಯ ಅಳತೆ ತೆಗೆಯುವಾಗಲೂ ಒಂದು ಕಾಲು ಪೆಡಲಿನ ಮೇಲೇ ಇರುತ್ತದೆ. ದಾರವಿಲ್ಲ, ಬಟ್ಟೆಯಿಲ್ಲ, ಖಾಲಿ ಸೂಜಿ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ.

ಮೊನ್ನೆ ಅಕ್ಕನ ಕಾಲು ಬಾತುಕೊಂಡು ಎದ್ದು ನಿಲ್ಲುವುದೇ ಕಷ್ಟವಾಗಿತ್ತು. "ಅಕ್ಕಾ, ಊಟ ಮುಗಿಸೋ ತನಕ ನಾನು ತುಳೀತೀನಿ, ನೀನು ಎರಡು ತುತ್ತು ತಿನ್ನು" ಎಂದು ಫೋನಿಗೆ ಕೇಳಿಸದ ಹಾಗೆ ಅವಳ ಕಿವಿಯಲ್ಲಿ ಪಿಸುಗುಟ್ಟಿ, ಅವಳನ್ನು ಸ್ಟೂಲಿಗೆ ಕಳಿಸಿ, ಸದ್ದು ನಿಲ್ಲದ ಹಾಗೆ ಪೆಡಲ್ ಹಿಡಿದೆ. ಸರಿಯಾಗಿಯೇ ತುಳಿಯುತ್ತಿದ್ದೆ. ಅಕ್ಕ ಡಬ್ಬಿ ಬಿಚ್ಚಿ ಮೊದಲ ತುತ್ತು ಬಾಯಿಗಿಟ್ಟಿದ್ದಳು.

ಫೋನಿನೊಳಗಿಂದ ತಂಗಿ ಕೇಳಿದಳು.

"ಯಾರದು? ಇದು ಅಕ್ಕ ತುಳಿಯೋ ಸದ್ದಲ್ಲ. ಅಕ್ಕನಿಗೇನಾಯ್ತು?"

ಅಕ್ಕ ಡಬ್ಬಿಯನ್ನು ಹಾಗೇ ಬಿಟ್ಟು, ಎಂಜಲು ಕೈಯಲ್ಲೇ ಕುಂಟುತ್ತ ಬಂದು, ನನ್ನನ್ನು ಪಕ್ಕಕ್ಕೆ ತಳ್ಳಿ ಪೆಡಲಿನ ಮೇಲೆ ಕಾಲಿಟ್ಟಳು.